ನೀರು ಒಗ್ಗಿಸಿಕೊಂಡ ಬೇಸಿಗೆ

ಹೊಸ ಊರಿಗೆ ಬಿಡಾರ ಬದಲಿಸಿದ ಸಂಸಾರದಲ್ಲಿ ಮೊದಲ ಹದಿನೈದು ದಿನ ಯಾರಾದರೊಬ್ಬರಿಗೆ ನೆಗಡಿಯೋ ಭೇದಿಯೋ ತಲೆನೋವೋ ತಪ್ಪಿದ್ದಲ್ಲ. 'ಇನ್ನೂ ನೀರು ಒಗ್ಗಿಲ್ಲ, ಸರಿಹೋಗುತ್ತೆ ಬಿಡಿ' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮದುವೆಯಾಗಿ ಗಂಡನ ಊರಿಗೆ ಬಂದ ಹೆಣ್ಣುಮಗಳಿಗೂ, ವರ್ಗವಾಗಿ ಬಂದ ನೌಕರನಿಗೂ, ಹಾಸ್ಟೆಲ್ ಸೇರಿದ ಹುಡುಗನಿಗೂ ಸಿಗುವ ಸಮಾಧಾನ ಇದೇ. ಮಾತು ಚಿಕ್ಕದು. ಆದರೆ ಅದರೊಳಗೆ ಶರೀರಶಾಸ್ತ್ರವಿದೆ, ಹವಾಮಾನವಿದೆ, ಬೇಸಾಯವಿದೆ, ನೆರೆಹೊರೆಯ ನಡವಳಿಕೆಯೂ ಇದೆ.

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಜನರಿಗೆ ಈ ಮಾತಿನ ಅರ್ಥವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಾವೇರಿಯ ಪ್ರವಾಹಕ್ಕೆ ತತ್ತರಿಸಿದ ಎಡತೊರೆಯ ಜನರಿಗಾಗಿ ಎತ್ತರದ ಜಾಗದಲ್ಲಿ ಎದ್ದ ಹೊಸ ಪಟ್ಟಣವೇ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಕೃಷ್ಣರಾಜನಗರ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನಿಂದಾಗಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಲವು ಹಳ್ಳಿಗಳು ಮುಳುಗಿ, ಅಲ್ಲಿನವರು ಬೇರೆಡೆ ಮನೆ ಕಟ್ಟಿಕೊಂಡರು. ನಾಗರಹೊಳೆಯ ಕಾಡಿನೊಳಗಿನ ಹಾಡಿಗಳಿಂದ ಹೊರಬಂದ ಗಿರಿಜನ ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಇವೆಲ್ಲ ಹತ್ತಿಪ್ಪತ್ತು ಮೈಲಿ ದೂರದೊಳಗಿನ ಸ್ಥಳಾಂತರಗಳು. ಆದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದವರು ಹಿಮಾಲಯವನ್ನೇ ದಾಟಿ ಬಂದಿದ್ದರು. ಹೊಸ ಊರಿನಲ್ಲಿ ನೆಲೆಸುವುದೆಂದರೆ ಏನೆಂಬುದನ್ನು ತಿಳಿಯಲು ಅವರ ಮೊದಲ ಬೇಸಿಗೆಗಿಂತ ಒಳ್ಳೆಯ ಪಾಠ ಸಿಗಲಾರದು.

ಚಳಿಗಾಲದಲ್ಲಿ ಬಂದವರು

1959ರ ಮಾರ್ಚ್ ತಿಂಗಳಿನಲ್ಲಿ ದಲೈ ಲಾಮಾ ಲಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಟಿಬೆಟನ್ನರು ಹಿಮದ ಕಣಿವೆಗಳನ್ನು ದಾಟಿ ಬಂದರು. ಅಸ್ಸಾಮಿನ ಮಿಸ್ಸಾಮಾರಿಯಂಥ ಶಿಬಿರಗಳಲ್ಲಿ ಅವರಿಗೆ ತಾತ್ಕಾಲಿಕ ಆಸರೆ ದೊರೆಯಿತು. ಅನೇಕರು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸಕ್ಕೆ ಸೇರಿಕೊಂಡರು. ಶಿಬಿರದಲ್ಲಿ ಎಷ್ಟು ದಿನ ಇರಲಾದೀತು? ಅವರಿಗೆ ಭೂಮಿ ಕೊಡುವಂತೆ ಪ್ರಧಾನಿ ಜವಾಹರಲಾಲ್ ನೆಹರು ರಾಜ್ಯಗಳನ್ನು ಕೇಳಿಕೊಂಡಾಗ ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಮುಖ್ಯವಾದದ್ದು. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಮೈಸೂರಿನಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ದೂರದ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಇದಕ್ಕಾಗಿ ಬಿಟ್ಟುಕೊಡಲಾಯಿತು. 1960ರ ಡಿಸೆಂಬರಿನಲ್ಲಿ 666 ಮಂದಿಯ ಮೊದಲ ತಂಡ ಅಲ್ಲಿಗೆ ಬಂದಿಳಿಯಿತು. ಲುಗ್ಸುಂಗ್ ಸಂದುಪ್ಲಿಂಗ್ ಎಂದು ಹೆಸರಾದ ಈ ನೆಲೆ ದಕ್ಷಿಣ ಭಾರತದ ಮೊದಲ ಟಿಬೆಟನ್ ವಸಾಹತು. ಸುತ್ತಮುತ್ತಲ ಊರಿನವರ ಬಾಯಲ್ಲಿ ಮಾತ್ರ ಅದು ಅಂದಿನಿಂದ ಇಂದಿನವರೆಗೆ ಬರೀ 'ಕ್ಯಾಂಪು'.

ಆ ತಂಡದಲ್ಲಿ ಇದ್ದಿರಬಹುದಾದ ಒಂದು ಎಳೆಯ ಜೋಡಿಯನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಗಂಡನಿಗೆ ಇಪ್ಪತ್ತನಾಲ್ಕು, ಹೆಂಡತಿಗೆ ಇಪ್ಪತ್ತು ಎಂದಿಟ್ಟುಕೊಳ್ಳೋಣ. ಹೆಸರು ಬೇಡ, ಯಾಕೆಂದರೆ ಈ ಕಥೆ ಒಂದು ಜೋಡಿಯದಲ್ಲ, ನೂರಾರು ಜೋಡಿಗಳದು. ಅವನ ಮೈಮೇಲೆ ಉಣ್ಣೆಯ ಉದ್ದನೆಯ 'ಚುಬಾ'. ಅವಳ ಸೊಂಟದ ಮುಂದೆ ಮಧ್ಯ ಟಿಬೆಟಿನಲ್ಲಿ ಮದುವೆಯಾದ ಹೆಣ್ಣು ಕಟ್ಟಿಕೊಳ್ಳುವ ಪಟ್ಟೆಪಟ್ಟೆಯ 'ಪಂಗ್ಡೆನ್'; ನಮ್ಮ ಹೆಣ್ಣುಮಕ್ಕಳಿಗೆ ಕಾಲುಂಗುರ ಇದ್ದಂತೆ. ಅವಳ ಹೊಟ್ಟೆಯಲ್ಲಿ ಮೊದಲ ಕೂಸು. ಡಿಸೆಂಬರಿನ ಬೈಲಕುಪ್ಪೆ ಅವರಿಗೆ ಹಿತವಾಗಿಯೇ ಕಂಡಿರಬೇಕು. ಬೆಳಗ್ಗೆ ಮಂಜು, ಹಗಲು ಎಳೆಬಿಸಿಲು, ರಾತ್ರಿ ಹೊದಿಕೆ ಬೇಡುವ ಚಳಿ. ಡೇರೆಯಲ್ಲಿ, ಬಿದಿರಿನ ಗುಡಿಸಲಿನಲ್ಲಿ ಕಾಲ ಹಾಕಬಹುದಾದ ದಿನಗಳು ಅವು. ನಿಜವಾದ ಪರೀಕ್ಷೆ ಶಿವರಾತ್ರಿ ಕಳೆದ ಮೇಲೆ ಕಾದಿತ್ತು.

ಎತ್ತರದಲ್ಲಿ ಪಳಗಿದ ರಕ್ತ

ಲಾಸಾ ನಗರ ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಬೈಲಕುಪ್ಪೆಯ ಎತ್ತರ ಸುಮಾರು 850 ಮೀಟರ್. ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕದ ಪ್ರಮಾಣ ಕಡಿಮೆ ಎಂದು ಅನೇಕ ವಿದ್ಯಾರ್ಥಿಗಳು ಬರೆಯುವುದುಂಟು. ಅದು ಅಷ್ಟು ಸರಿಯಲ್ಲ. ಲಾಸಾದಲ್ಲಿಯೂ ಬೈಲಕುಪ್ಪೆಯಲ್ಲಿಯೂ ಒಣಗಾಳಿಯ ನೂರು ಪಾಲಿನಲ್ಲಿ ಆಮ್ಲಜನಕ 21 ಪಾಲು. ಕಡಿಮೆಯಾಗುವುದು ವಾಯುವಿನ ಒತ್ತಡ. ಲಾಸಾದಲ್ಲಿ ಒತ್ತಡವು ಸಮುದ್ರಮಟ್ಟದ ಒತ್ತಡದ ಮೂರನೆಯ ಎರಡು ಪಾಲಿಗಿಂತ ತುಸು ಕಡಿಮೆ. ಬೈಲಕುಪ್ಪೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು. ಹೀಗಾಗಿ ಒಂದೊಂದು ಉಸಿರಿಗೂ ಇಲ್ಲಿ ಹೆಚ್ಚು ಆಮ್ಲಜನಕ ಸಿಗುತ್ತದೆ.

ಬಯಲಿನವರು ಎತ್ತರಕ್ಕೆ ಹೋದರೆ ದೇಹವು ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಅತಿಯಾದರೆ ರಕ್ತ ಗಟ್ಟಿಯಾಗಿ ಹೃದಯಕ್ಕೆ ಭಾರ. ಟಿಬೆಟನ್ನರಲ್ಲಿ ಹಾಗಾಗುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಇ.ಪಿ.ಎ.ಎಸ್.1 ಎಂಬ ಜೀನಿನ ವಿಶೇಷ ರೂಪವೆಂದು 2010ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ರೂಪ ಟಿಬೆಟನ್ನರಿಗೆ ಬಂದದ್ದು ಡೆನಿಸೋವನ್ ಎಂಬ ಅಳಿದುಹೋದ ಮಾನವ ಕುಲದಿಂದ ಎಂಬುದು 2014ರಲ್ಲಿ ತಿಳಿದುಬಂತು. ಅಂದರೆ ನಮ್ಮ ಈ ಜೋಡಿಯ ರಕ್ತದಲ್ಲಿ ಹರಿಯುತ್ತಿದ್ದುದು ಸಾವಿರಾರು ವರ್ಷಗಳ ಪಳಗುವಿಕೆ. ಅದು ಬೆಟ್ಟಕ್ಕೆ ಹೇಳಿ ಮಾಡಿಸಿದ ದೇಹ.

ಎತ್ತರದಿಂದ ಇಳಿದು ಬಂದವರಿಗೆ ಉಸಿರಾಟದ ತೊಂದರೆ ಇಲ್ಲ. ಅವರನ್ನು ಕಾಡಿದ್ದು ಬಿಸಿಲು. ಲಾಸಾದಲ್ಲಿ ಅತಿ ಸೆಕೆಯ ತಿಂಗಳೆಂದರೆ ಜೂನ್. ಆಗಲೂ ಹಗಲಿನ ಗರಿಷ್ಠ ಉಷ್ಣತೆ ಸರಾಸರಿ 23 ಡಿಗ್ರಿ ಸೆಲ್ಸಿಯಸ್‌ ಆಸುಪಾಸು. ಮೈಸೂರು ಸೀಮೆಯ ಏಪ್ರಿಲ್ ಹಗಲು 34-35 ಡಿಗ್ರಿ ಮುಟ್ಟುತ್ತದೆ. ಇಲ್ಲಿ ಹುಟ್ಟಿದವರಿಗೇ ನೆರಳು ಬೇಕೆನಿಸುವ ಹೊತ್ತಿನಲ್ಲಿ ಆ ಜನ ಮರ ಕಡಿಯುತ್ತಿದ್ದರು, ಬೇರು ಕೀಳುತ್ತಿದ್ದರು, ಒಣಗಿದ ಪೊದೆಗಳಿಗೆ ಬೆಂಕಿ ಹಾಕುತ್ತಿದ್ದರು. ಮೇಲೆ ಸೂರ್ಯ, ಪಕ್ಕದಲ್ಲಿ ಬೆಂಕಿ, ನಡುವೆ ಹೊಗೆ ಮತ್ತು ಕೆಂಪು ಧೂಳು.

ಹದಿನೈದು ದಿನದ ಲೆಕ್ಕ

ಜೀನು ಬದಲಾಗಲು ಸಾವಿರಾರು ವರ್ಷ ಬೇಕು. ಆದರೆ ಪ್ರಕೃತಿ ಮನುಷ್ಯನಿಗೆ ಇನ್ನೊಂದು ಸೌಕರ್ಯವನ್ನೂ ಕೊಟ್ಟಿದೆ. ಅದು ಬೆವರು. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರುವುದುಂಟು.

ತಂಪಿನ ಊರಿನಿಂದ ಬಂದವನಿಗೆ ಮೊದಲ ದಿನಗಳಲ್ಲಿ ಬೆವರು ತಡವಾಗಿ ಬರುತ್ತದೆ, ಸಾಲದಷ್ಟು ಬರುತ್ತದೆ, ಬಂದದ್ದರಲ್ಲಿ ಉಪ್ಪು ಹೆಚ್ಚು. ಹೃದಯ ಡವಡವ ಬಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ, ಊಟ ಸೇರುವುದಿಲ್ಲ. ಅದೇ ಮನುಷ್ಯ ದಿನವೂ ಒಂದೆರಡು ಗಂಟೆ ಬಿಸಿಲಿನಲ್ಲಿ ಕೆಲಸ ಮಾಡುತ್ತ ಬಂದರೆ ಹತ್ತು ಹದಿನಾಲ್ಕು ದಿನಗಳಲ್ಲಿ ದೇಹ ಬೇರೆಯೇ ಆಗಿರುತ್ತದೆ. ರಕ್ತದಲ್ಲಿನ ದ್ರವಭಾಗ ಹೆಚ್ಚುತ್ತದೆ. ಬೆವರು ಬೇಗ ಬರುತ್ತದೆ, ಧಾರಾಳವಾಗಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ. ಅದೇ ಕೆಲಸಕ್ಕೆ ನಾಡಿಯ ಬಡಿತ ಮೊದಲಿಗಿಂತ ತಗ್ಗಿರುತ್ತದೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಹೊಸ ಕೂಲಿಗಳು ಸೆಕೆಗೆ ಕುಸಿದು ಸಾಯುತ್ತಿದ್ದುದನ್ನು ತಡೆಯಲು 1930ರ ದಶಕದಿಂದ ಅನುಸರಿಸಿದ್ದು ಇದೇ ಕ್ರಮವನ್ನು. ಕೆಲಸವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ, ಎರಡು ವಾರದ ಹೊತ್ತಿಗೆ ಪೂರ್ತಿ ಕೆಲಸ.

ಹಿರಿಯರ 'ಹದಿನೈದು ದಿನದಲ್ಲಿ ಸರಿಹೋಗುತ್ತೆ' ಎಂಬ ಮಾತಿಗೆ ಇಲ್ಲಿ ವಿಜ್ಞಾನದ ಬೆಂಬಲವೇ ಸಿಗುತ್ತದೆ. ಆದರೆ ಒಂದು ಎಚ್ಚರ ಬೇಕು. ಈ ಲೆಕ್ಕ ನಡೆಯುವುದು ಆರೋಗ್ಯವಂತ ಪ್ರಾಯದವರಿಗೆ, ಅದೂ ಕುಡಿಯಲು ನೀರು, ತಿನ್ನಲು ಅನ್ನ, ನಡುನಡುವೆ ನೆರಳು ಇದ್ದಾಗ. ಬಸುರಿಯರಿಗೆ, ಕೂಸುಗಳಿಗೆ, ಮುದುಕರಿಗೆ ಬಿಸಿಲು ಹೆಚ್ಚು ಕಟುವಾಗಿರುತ್ತದೆ. ಬೈಲಕುಪ್ಪೆಯ ಮೊದಲ ವರ್ಷಗಳಲ್ಲಿ ಜೀವ ಕಳೆದುಕೊಂಡವರೂ ಇದ್ದರು.

ಒಲೆಯ ಮುಂದಿನ ವಿಜ್ಞಾನ

ದೇಹ ಒಗ್ಗಿಕೊಳ್ಳುವಷ್ಟರಲ್ಲಿ ಹೊಟ್ಟೆಯ ಪ್ರಶ್ನೆ ಎದುರಾಗುತ್ತದೆ. ಟಿಬೆಟನ್ನರ ಮುಖ್ಯ ಆಹಾರ 'ಸಾಂಪಾ'. ಹುರಿದ ಬಾರ್ಲಿಯ ಹಿಟ್ಟು. ಅದನ್ನು ಚಹಾದಲ್ಲಿ ಕಲಸಿ ಮುದ್ದೆ ಮಾಡಿ ತಿನ್ನುತ್ತಾರೆ. ಬೇಯಿಸುವ ಗೋಜಿಲ್ಲ. ಏಕೆ ಹೀಗೆ?

ಉತ್ತರ ಕುದಿಬಿಂದುವಿನಲ್ಲಿದೆ. ಸುಮಾರು 300 ಮೀಟರ್ ಮೇಲೇರಿದಂತೆ ನೀರಿನ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಲಾಸಾದ 3,650 ಮೀಟರನ್ನು 300ರಿಂದ ಭಾಗಿಸಿದರೆ ಸುಮಾರು 12. ಅಂದರೆ ಅಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಆಮೇಲೆ ಎಷ್ಟು ಸೌದೆ ಒಟ್ಟಿದರೂ ತೆರೆದ ಪಾತ್ರೆಯಲ್ಲಿ ನೀರಿನ ಬಿಸಿ ಅದಕ್ಕಿಂತ ಏರದು. ಬೇಳೆಕಾಳು ಸುಲಭಕ್ಕೆ ಬೇಯದು. ಸೌದೆಯೂ ಅಪರೂಪವಾದ ಆ ನಾಡಿನಲ್ಲಿ ಧಾನ್ಯವನ್ನು ಒಮ್ಮೆಗೇ ಹುರಿದು ಬೀಸಿಟ್ಟುಕೊಳ್ಳುವುದು ಜಾಣತನದ ಉಪಾಯ. ಬೈಲಕುಪ್ಪೆಗೆ ಇದೇ ಲೆಕ್ಕ ಹಾಕಿದರೆ ಕುದಿಬಿಂದು ಸುಮಾರು 97 ಡಿಗ್ರಿ. ಇಲ್ಲಿ ಅನ್ನವೂ ಬೇಯುತ್ತದೆ, ಹುರುಳಿಯೂ ಬೇಯುತ್ತದೆ. ಪ್ರಯೋಗಾಲಯದ ಉಷ್ಣತಾಮಾಪಕವಿರುವ ಶಾಲೆಗಳ ವಿದ್ಯಾರ್ಥಿಗಳು ತಮ್ಮ ಊರಿನ ಕುದಿಬಿಂದುವನ್ನು ಅಧ್ಯಾಪಕರ ಸಮ್ಮುಖದಲ್ಲಿ ಅಳೆದು ನೋಡಬಹುದು. ಹುಣಸೂರಿನಲ್ಲಾಗಲಿ ಕೆ.ಆರ್. ನಗರದಲ್ಲಾಗಲಿ ಅದು ನೂರನ್ನು ಮುಟ್ಟುವುದಿಲ್ಲ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹುರಿದ ಧಾನ್ಯದ ಹಿಟ್ಟನ್ನು ಕಲಸಿ ತಿನ್ನುವುದು ಈ ಸೀಮೆಯವರಿಗೆ ಹೊಸದಲ್ಲ. ರಾಗಿಯ ಹುರಿಹಿಟ್ಟು ಪಿರಿಯಾಪಟ್ಟಣದ, ಕೋಟೆಯ ಮನೆಮನೆಗೂ ಗೊತ್ತು. ಮುದ್ದೆಯ ವಿಷಯವಂತೂ ಹೇಳಬೇಕಾಗಿಯೇ ಇಲ್ಲ. ಹಿಮದ ನಾಡಿನವರೂ ರಾಗಿಯ ನಾಡಿನವರೂ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಉಪಾಯವನ್ನು ಕಂಡುಕೊಂಡಿದ್ದರು.

ಬೆಣ್ಣೆ ಮತ್ತು ಉಪ್ಪು ಹಾಕಿ ಕಡೆದ ಟಿಬೆಟಿನ ಚಹಾವನ್ನು ನೋಡಿ ನಮ್ಮವರು ಮೂಗು ಮುರಿಯುವುದುಂಟು. ಚಳಿನಾಡಿನಲ್ಲಿ ಬೆಣ್ಣೆ ಕೆಡದೆ ಉಳಿಯುತ್ತದೆ, ದೇಹಕ್ಕೆ ಶಕ್ತಿ ಕೊಡುತ್ತದೆ. ಇಲ್ಲಿಯ ಸೆಕೆಗೆ ಬೆಣ್ಣೆ ಬಹುಬೇಗ ಹಳಸುತ್ತದೆ. ಆದರೆ ಉಪ್ಪು ಹಾಕಿದ ಪಾನೀಯ ಕುಡಿಯುವ ಅಭ್ಯಾಸ ಬೆವರು ಸುರಿಸುವವರಿಗೆ ವರವೇ ಸರಿ. ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ಅದು ಒಟ್ಟಿಗೆ ತುಂಬಿಕೊಡುತ್ತದೆ. ನಮ್ಮ ಹೊಲಗಳಿಗೆ ಹೋಗುವ ಉಪ್ಪು ಬೆರೆತ ನೀರುಮಜ್ಜಿಗೆ ಮಾಡುವ ಕೆಲಸವೂ ಇದೇ.

ಕಣ್ಣಿಗೆ ಕಾಣದ ನೆರೆಯವರು

'ನೀರು ಒಗ್ಗಲಿಲ್ಲ' ಎಂಬ ಮಾತು ಅಕ್ಷರಶಃ ನಿಜವಾಗುವುದು ರೋಗಾಣುಗಳ ವಿಷಯದಲ್ಲಿ. ಒಂದೊಂದು ಊರಿನ ನೀರು, ಮಣ್ಣು, ಗಾಳಿಯಲ್ಲಿಯೂ ಅಲ್ಲಿನದೇ ಆದ ಸೂಕ್ಷ್ಮಜೀವಿಗಳಿರುತ್ತವೆ. ಹುಟ್ಟಿದಂದಿನಿಂದ ಅವುಗಳ ನಡುವೆ ಬೆಳೆದವರ ದೇಹ ಕೆಲವನ್ನಾದರೂ ಗುರುತಿಸಿ ಎದುರಿಸಲು ಕಲಿತಿರುತ್ತದೆ. ಹೊಸಬರಿಗೆ ಆ ಪರಿಚಯವಿಲ್ಲ. ಆದ್ದರಿಂದಲೇ ಹೊಸ ಊರಿನಲ್ಲಿ ಮೊದಲ ಪೆಟ್ಟು ಹೊಟ್ಟೆಗೆ ಬೀಳುತ್ತದೆ.

ಮಲೆನಾಡಿನ ಅಂಚಿನ ಈ ಕಾಡುಸೀಮೆ ಒಂದು ಕಾಲಕ್ಕೆ ಮಲೇರಿಯಾಕ್ಕೆ ಹೆಸರಾಗಿತ್ತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, ಡಿ.ಡಿ.ಟಿ. ಸಿಂಪಡಣೆಗಳಿಂದ ರೋಗದ ಉಪಟಳ ತಗ್ಗಿದ್ದು ಆ ಕಾಲದಲ್ಲಿಯೇ. ಟಿಬೆಟಿನ ಎತ್ತರದ ಚಳಿಯಲ್ಲಿ ಮಲೇರಿಯಾ ಹರಡುವುದಿಲ್ಲ. ಆ ಜನರಿಗೆ ಆ ಜ್ವರದ ಪರಿಚಯವೇ ಇರಲಿಲ್ಲ. ಬಸುರಿಯರಿಗೆ ಮಲೇರಿಯಾ ಬಂದರೆ ತಾಯಿಗೂ ಕೂಸಿಗೂ ಅಪಾಯ. ಇನ್ನು ಕ್ಷಯರೋಗ. ಕಿಕ್ಕಿರಿದ ಶಿಬಿರಗಳಲ್ಲಿ ಅದು ಸುಲಭವಾಗಿ ಹರಡುತ್ತದೆ. ಭಾರತದಲ್ಲಿನ ಟಿಬೆಟನ್ ನಿರಾಶ್ರಿತರನ್ನು ಅದು ದಶಕಗಳ ಕಾಲ ಕಾಡಿದೆ. ಇಂಥ ಕಾಯಿಲೆಗಳನ್ನು 'ಒಗ್ಗಿಹೋಗುತ್ತೆ' ಎಂದು ಕೈಬಿಡುವಂತಿಲ್ಲ. ಇವಕ್ಕೆ ಬೇಕಾದದ್ದು ಕಾಯಿಸಿ ಆರಿಸಿದ ನೀರು, ಸೊಳ್ಳೆಪರದೆ, ವೈದ್ಯರು, ಔಷಧ. ಎರಡು ವಾರ ಕಾದು ನೋಡಬಹುದಾದದ್ದು ಯಾವುದು, ಒಂದು ದಿನವೂ ಕಾಯಬಾರದ್ದು ಯಾವುದು ಎಂಬ ವಿವೇಚನೆ ಹೊಸ ಊರಿಗೆ ಹೋಗುವ ಎಲ್ಲರಿಗೂ ಅಗತ್ಯ.

ನೆಲ ಒಲಿಯಲು ಬೇಕಾದ ಕಾಲ

ದೇಹಕ್ಕೆ ಎರಡು ವಾರ ಸಾಕು. ನೆಲಕ್ಕೆ ಸಾಲದು. ತಲೆಗೆ ಒಂದು ಎಕರೆಯ ಅಂದಾಜಿನಲ್ಲಿ ಸುಮಾರು 3,000 ಮಂದಿಗೆ ನೆಲೆ ಕಲ್ಪಿಸುವುದು ಯೋಜನೆಯ ಉದ್ದೇಶವಾಗಿತ್ತು. ಕಾಗದದ ಮೇಲೆ ಎಕರೆ. ಕಣ್ಣೆದುರಿಗೆ ಬಿದಿರುಮೆಳೆ, ಮುಳ್ಳುಪೊದೆ, ಮರದ ಬೊಡ್ಡೆ. ಬಂದವರಲ್ಲಿ ಬೇಸಾಯ ಬಲ್ಲವರಿದ್ದರು, ಕುರಿ-ಯಾಕ್ ಕಾಯುತ್ತಿದ್ದವರಿದ್ದರು, ವ್ಯಾಪಾರಿಗಳಿದ್ದರು, ಸನ್ಯಾಸಿಗಳೂ ಇದ್ದರು. ಬೇಸಾಯ ಬಲ್ಲವರು ಬಲ್ಲದ್ದು ತಂಪುನಾಡಿನ ಬಾರ್ಲಿಯ ಬೇಸಾಯ. ಇಲ್ಲಿ ಬೀಜ ಬೇರೆ, ಮಣ್ಣು ಬೇರೆ, ಮಳೆಯ ಲೆಕ್ಕವೇ ಬೇರೆ.

'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬುದು ಈ ಸೀಮೆಯ ರೈತನಿಗೆ ಎಳವೆಯಲ್ಲೇ ಕಿವಿಗೆ ಬಿದ್ದ ಗಾದೆ. ಏಪ್ರಿಲ್ ನಡುವಿನ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ತಿಂಗಳಿನಲ್ಲಿ ಕೃತ್ತಿಕೆ, ಕೊನೆಗೆ ರೋಹಿಣಿ. ಯಾವ ಮಳೆಗೆ ಉಳಬೇಕು, ಯಾವ ಮಳೆಗೆ ಬಿತ್ತಬೇಕು ಎಂಬ ಜ್ಞಾನ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಬೇಸಿಗೆಯ ನಡುವೆ ಸಂಜೆ ಹೊತ್ತು ಗುಡುಗು ಸಿಡಿಲಿನೊಡನೆ ಸುರಿಯುವ ಈ ಮಳೆಗಳು ನೆಲವನ್ನು ಮೆತ್ತಗೆ ಮಾಡುತ್ತವೆ. ಹಿಮಾಲಯದಾಚೆಯ ಒಣನಾಡಿನವರಿಗೆ ಆ ಆರ್ಭಟವೇ ಹೊಸದು. ಡೇರೆಯಲ್ಲಿರುವವರಿಗೆ ಬಿಸಿಲಿನಿಂದ ಬಿಡುಗಡೆ, ಜೊತೆಗೆ ನೆನೆದ ಹಾಸಿಗೆ.

ಬಿತ್ತಿದ್ದು ಕೈಗೆ ಬರುವ ಮೊದಲೇ ಪಾಲು ಕೇಳಲು ಬರುವವರು ಬೇರೆ ಇದ್ದರು. ಬೈಲಕುಪ್ಪೆಯ ಸುತ್ತ ಅಂದು ದಟ್ಟ ಕಾಡು. ಆನೆಗಳು ಹೊಲಕ್ಕೆ ನುಗ್ಗಿ ಬೆಳೆ ತುಳಿದವು, ಗುಡಿಸಲುಗಳನ್ನು ಕೆಡವಿದವು, ಮನುಷ್ಯರ ಜೀವವನ್ನೂ ತೆಗೆದವು. ಆನೆಯ ದೃಷ್ಟಿಯಿಂದ ನೋಡಿದರೆ, ಅದರ ದಾರಿಯ ನಡುವೆ ಒಂದೇ ವರ್ಷದಲ್ಲಿ ಊರೊಂದು ಎದ್ದು ನಿಂತಿತ್ತು. ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನ ರೈತರು ಇಂದೂ ಎದುರಿಸುತ್ತಿರುವ ಸಮಸ್ಯೆ ಇದೇ.

ಕೊನೆಗೆ ಕೈಹಿಡಿದದ್ದು ಮುಸುಕಿನ ಜೋಳ. ಈ ಮಣ್ಣಿಗೆ, ಈ ಮಳೆಗೆ ಅದು ಹೊಂದಿಕೊಂಡಿತು. ಸ್ವಿಟ್ಜರ್‌ಲೆಂಡಿನಂಥ ದೇಶಗಳ ನೆರವು, ಸಹಕಾರ ಸಂಘ, ಟ್ರ್ಯಾಕ್ಟರು, ಹೈಬ್ರಿಡ್ ಬೀಜ ಇವೆಲ್ಲ ಕೂಡಿ ಬಂದು ಜೋಳ ಕ್ಯಾಂಪಿನ ಮುಖ್ಯ ಬೆಳೆಯಾಯಿತು. ಆದರೆ ಅದು ಒಂದು ಬೇಸಿಗೆಯ ಕೆಲಸವಲ್ಲ, ಹಲವು ವರ್ಷಗಳದು. ಜಮೀನಿನಿಂದಲೇ ಸಂಸಾರ ನಡೆಯದಾದಾಗ ಅವರು ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರ್ ಮಾರುವ ವ್ಯಾಪಾರವನ್ನು ಕಂಡುಕೊಂಡರು. ಬೀದಿಬದಿಯಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಯನ್ನು ನೋಡದ ಪೇಟೆ ನಮ್ಮಲ್ಲಿ ಅಪರೂಪ.

ಸಂತೆಯಲ್ಲಿ ಕಲಿತ ಕನ್ನಡ

ದೇಹ, ನೆಲಗಳ ನಂತರ ನಾಲಿಗೆಯ ಸರದಿ. ಕಾವೇರಿಯ ಆಚೆ ದಡದ ಕುಶಾಲನಗರ, ಈಚೆಗೆ ಪಿರಿಯಾಪಟ್ಟಣ. ಉಪ್ಪಿಗೂ ಎಣ್ಣೆಗೂ ಹೋಗಬೇಕಾದದ್ದು ಅಲ್ಲಿಗೇ. ಬೆರಳು ತೋರಿಸಿ ಕೊಳ್ಳುವುದರಿಂದ ಶುರುವಾದ ವ್ಯವಹಾರ ಎಷ್ಟು, ಬೇಡ, ಸಾಕು ಎಂಬ ಮಾತುಗಳಿಗೆ ಬರಲು ಬಹಳ ದಿನ ಹಿಡಿದಿರಲಾರದು. ಭಾಷೆಯನ್ನು ನಿಜವಾಗಿ ಒಲಿಸಿಕೊಂಡವರು ಮಾತ್ರ ಮುಂದಿನ ಪೀಳಿಗೆಯವರು. ಇಂದು ಕ್ಯಾಂಪಿನ ಅಂಗಡಿಗಳಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ.

ಮಕ್ಕಳ ಓದಿನ ಬಗ್ಗೆ ಅವರು ತಡಮಾಡಲಿಲ್ಲ. ಟಿಬೆಟನ್ ಮಕ್ಕಳ ಶಾಲೆಗಳನ್ನು ನಡೆಸಲು ಭಾರತ ಸರ್ಕಾರ ಪ್ರತ್ಯೇಕ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿದ್ದು 1961ರಲ್ಲಿಯೇ. ಅಂದರೆ ಬೈಲಕುಪ್ಪೆಯ ಜನ ಇನ್ನೂ ಡೇರೆಯಲ್ಲಿದ್ದ ವರ್ಷದಲ್ಲಿ. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಆರಂಭವಾಯಿತು. ಇಂದು ಪ್ರವಾಸಿಗರನ್ನು ಸೆಳೆಯುವ ಅಲ್ಲಿನ ಸ್ವರ್ಣಮಂದಿರ ಪೂರ್ಣಗೊಂಡದ್ದು 1999ರಲ್ಲಿ. 1969ರಲ್ಲಿ ಪಕ್ಕದಲ್ಲೇ ಡಿಕ್ಕಿ ಲಾರ್ಸೋ ಎಂಬ ಎರಡನೆಯ ವಸಾಹತು ಬಂತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗೆಲಿಂಗ್ ನೆಲೆ ಆರಂಭವಾಯಿತು. ನಂತರ ಬಂದವರ ಮೊದಲ ಬೇಸಿಗೆ ಅಷ್ಟು ಕಠಿಣವಾಗಿರಬೇಕಾಗಿರಲಿಲ್ಲ. ದಾರಿ ಹೇಳಲು ಅವರಿಗೆ ತಮ್ಮವರೇ ಇದ್ದರು.

ನೆರೆಯವರ ಪಾಲು

ಹೊಸಬರು ಬಂದಾಗ ಹಳಬರೂ ಒಗ್ಗಿಕೊಳ್ಳಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ದನ ಮೇಯಿಸುವ, ಸೌದೆ ತರುವ, ಜೇನು ಕೀಳುವ ಕಾಡು ಕಡಿಮೆಯಾದಾಗ ಅದರ ಬಿಸಿ ತಟ್ಟುವುದು ಸುತ್ತಲಿನ ಬಡವರಿಗೆ. 'ಹೊರಗಿನಿಂದ ಬಂದವರಿಗೆ ಭೂಮಿ, ನಮಗೇನು?' ಎಂದು ಭೂಮಿಯಿಲ್ಲದ ಸ್ಥಳೀಯನಿಗೆ ಅನ್ನಿಸಿದರೆ ಅದನ್ನು ಹೊಟ್ಟೆಕಿಚ್ಚು ಎನ್ನಲಾಗದು. ಅಂಥ ಅಸಮಾಧಾನವಿದ್ದೂ ಕ್ಯಾಂಪಿನ ಹೊಲಗಳಲ್ಲಿ ಸುತ್ತಲಿನವರಿಗೆ ಕೂಲಿ ಸಿಕ್ಕಿತು, ಕುಶಾಲನಗರದ ಪೇಟೆ ಬೆಳೆಯಿತು.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸ್ವಾರಸ್ಯಕರ ಸಂಗತಿಯಿದೆ. ಟಿಬೆಟನ್ನರ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ 'ಮೈರಾಡ' ಎಂಬ ಸಂಸ್ಥೆ ಹುಟ್ಟಿತು. ಆ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಅದು ಸುತ್ತಲಿನ ಹಳ್ಳಿಗಳತ್ತ ತಿರುಗಿತು. ಹೆಗ್ಗಡದೇವನಕೋಟೆ ಅದರ ಕಾರ್ಯಕ್ಷೇತ್ರಗಳಲ್ಲೊಂದು. ಇಂದು ಊರೂರಲ್ಲೂ ಕಾಣುವ ಸ್ವಸಹಾಯ ಸಂಘಗಳ ಪ್ರಯೋಗವನ್ನು 1980ರ ದಶಕದಲ್ಲಿ ಮೊದಲು ಮಾಡಿದ ಸಂಸ್ಥೆಗಳಲ್ಲಿ ಅದೂ ಸೇರಿದೆ. ನಿರಾಶ್ರಿತರಿಗಾಗಿ ತೋಡಿದ ಬಾವಿಯಿಂದ ಊರವರೂ ನೀರು ಸೇದಿದಂತಾಯಿತು.

ನಾವು ಕಲ್ಪಿಸಿಕೊಂಡ ಆ ಜೋಡಿಗೆ 1961ರ ಮಳೆಗಾಲದಲ್ಲಿ ಕೂಸು ಹುಟ್ಟಿತೆಂದುಕೊಳ್ಳೋಣ. ಆ ಕೂಸಿಗೆ ಏಪ್ರಿಲ್ ಬಿಸಿಲು ಪರಕೀಯವಲ್ಲ. ಬೈಲಕುಪ್ಪೆಯ ನೀರೇ ಅದರ ಮೊದಲ ನೀರು. ಕಾನೂನು ಕೂಡ ಆ ಕೂಸನ್ನು ಬೇರೆಯಾಗಿಯೇ ಕಾಣುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದವು. ತಂದೆತಾಯಿ ಕೊನೆಯವರೆಗೂ ನಿರಾಶ್ರಿತರು. ಆ ಬೇಸಿಗೆ ಕಳೆದು ಹುಟ್ಟಿದ ಮಗು ಈ ನಾಡಿನ ಪ್ರಜೆ.

ಇಂದಿನ ಮನೆಗಳಿಗೆ

ಪ್ರತಿ ಜೂನ್ ತಿಂಗಳಿನಲ್ಲಿ ಈ ತಾಲ್ಲೂಕುಗಳ ನೂರಾರು ಮಕ್ಕಳು ಮೈಸೂರಿನ, ಮೂಡಬಿದಿರೆಯ, ಬೆಂಗಳೂರಿನ ಹಾಸ್ಟೆಲುಗಳಿಗೆ ಹೋಗುತ್ತಾರೆ. ಹೊಸದಾಗಿ ಮದುವೆಯಾದವರು ಕೆಲಸ ಸಿಕ್ಕ ಊರಿನಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಒಂದು ವಾರ ಕಳೆಯುವಷ್ಟರಲ್ಲಿ ಫೋನಿನಲ್ಲಿ ಅಳು, 'ನನಗೆ ಇಲ್ಲಿ ಆಗಲ್ಲ, ಬಂದುಬಿಡ್ತೀನಿ' ಎಂಬ ಮಾತು. ತಂದೆತಾಯಿಗಳು ಗಾಬರಿಯಾಗುತ್ತಾರೆ ಅಥವಾ ಗದರುತ್ತಾರೆ. ಎರಡೂ ಬೇಡ.

ಬೈಲಕುಪ್ಪೆಯ ಮೊದಲ ಬೇಸಿಗೆ ಹೇಳುವುದು ಇಷ್ಟು. ಒಗ್ಗುವುದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ, ಎಲ್ಲವೂ ಒಂದೇ ವೇಗದಲ್ಲಿ ಆಗುವುದೂ ಇಲ್ಲ. ದೇಹಕ್ಕೆ ಎರಡು ವಾರ ಕೊಡಬೇಕು. ಅಷ್ಟರೊಳಗೆ ಸೋತೆವೆಂದು ತೀರ್ಮಾನಿಸಬಾರದು. ಊರಿನ ಮಳೆ-ಬಿಸಿಲು, ಕೆಲಸ, ಓದಿನ ಕ್ರಮ ತಿಳಿಯಲು ಒಂದು ಋತುವಾದರೂ ಬೇಕು. ಮಾತು, ಸ್ನೇಹ, ನಂಬಿಕೆಗಳಿಗೆ ವರ್ಷಗಳೇ ಹಿಡಿಯಬಹುದು. ಆದರೆ ಜ್ವರ ಬಿಡದಿದ್ದರೆ, ಭೇದಿ ನಿಲ್ಲದಿದ್ದರೆ, ಮಗು ಊಟ ನಿದ್ದೆ ಬಿಟ್ಟಿದ್ದರೆ ಕಾಯದೆ ಹೊರಡಬೇಕು.

ಹೊರಡುವ ಮಗುವಿನ ಚೀಲದಲ್ಲಿ ಮನೆಯ ಹುರಿಹಿಟ್ಟಿನ ಡಬ್ಬಿಯೊಂದನ್ನು ಇಡುವುದು ಒಳ್ಳೆಯದು. ಹೊಸ ಊಟ ಸೇರದ ದಿನಕ್ಕೆ ಪರಿಚಿತ ರುಚಿ ಆಸರೆಯಾಗುತ್ತದೆ. ಹಾಗೆಯೇ ಬೀದಿಗೆ ಹೊಸ ಸಂಸಾರವೊಂದು ಬಂದಿಳಿದರೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿಗೆ ನಲ್ಲಿಯಲ್ಲಿ ಬರುತ್ತದೆ, ಯಾವ ಡಾಕ್ಟರು ಸಂಜೆ ಸಿಗುತ್ತಾರೆ ಎಂಬ ಮೂರು ಮಾತುಗಳನ್ನು ಹೇಳಿಬರಲು ಮಕ್ಕಳನ್ನು ಆ ಮನೆಗೆ ಕಳಿಸಬೇಕು. ಅವರ ಮೊದಲ ಹದಿನೈದು ದಿನ ಅಷ್ಟರಿಂದಲೇ ಹಗುರವಾಗುತ್ತದೆ.